ಹೊಸ ಜಿಮ್ಯಾಟ್‌ಗೆ ಫ್ರೀ ಮಾಕ್ ಟೆಸ್ಟ್, ಭಾಳ ಛಲೋ ಅದ

ಕಲಬುರಗಿದಾಗ ಯಾರರ ಜಿಮ್ಯಾಟ್‌ಗೆ (ಎಂಬಿಎ ಸೇರಾಕ ಬರಿಯೋ ಪರೀಕ್ಷಾ) ಓದ್ಲಕತ್ತಿದ್ರ ಎಂಬಿಎ ಡಾಟ್ ಕಾಮ್‌ನಾಗ ಸಿಗೋ ಎರಡು ಅಫೀಶಿಯಲ್ ಮಾಕ್ ಬಿಡಬ್ಯಾಡ್ರಿ, ರೊಕ್ಕ ಏನೂ ಕೊಡೋದಿಲ್ಲ. ಅಸಲಿ ಪರೀಕ್ಷಾದಂಗೇ 64 ಪ್ರಶ್ನಿ, ಮೂರು ಸೆಕ್ಷನ್, ಒಂದೊಂದಕ್ಕ 45 ನಿಮಿಷ. ಹಳೀ ಸೆಕೆಂಡ್ ಹ್ಯಾಂಡ್ ಬುಕ್ ಹಿಡ್ಕೊಂಡು ಸೆಂಟೆನ್ಸ್ ಕರೆಕ್ಷನ್, ಜಾಮಿಟ್ರಿ, ಎಸ್ಸೆ ಅಂತ ಟೈಮ್ ಕಳೀಬ್ಯಾಡ್ರಿ, ಅವೆಲ್ಲ ತೆಗ್ದಾರ.

ನಂಗ ಖರೇ ಉಪಯೋಗ ಆಗಿದ್ದು ಡಾಟಾ ಇನ್‌ಸೈಟ್ಸ್ ಸೆಕ್ಷನ್, ಟೇಬಲ್, ಗ್ರಾಫ್ ಒಂದರ ಮ್ಯಾಲೊಂದು ಬರ್ತಾವ, ಕ್ಯಾಲ್ಕುಲೇಟರ್ ಬರೀ ಅಲ್ಲೇ ಸಿಗ್ತದ, ಕ್ವಾಂಟ್ ಅಂದ್ರ ಗಣಿತದ ಸೆಕ್ಷನ್‌ನಾಗ ಕೈಲೇ ಲೆಕ್ಕ ಮಾಡ್ಬೇಕು, ಅದಕ್ಕ ಪರ್ಸೆಂಟೇಜು ರೇಶಿಯೋ ಗಟ್ಟಿ ಮಾಡ್ಕೋರಿ. ಸೆಕ್ಷನ್ ಕೊನೀಗಿ ಟೈಮ್ ಉಳದ್ರ ಮೂರು ಉತ್ತರ ಬದಲ್ಸಬಹುದು, ಇದನ್ನೂ ಮಾಕ್‌ನಾಗೇ ರೂಢಿ ಮಾಡ್ಕೋರಿ. ಬ್ಯಾಸಗಿ ಮಧ್ಯಾಹ್ನ ಕರೆಂಟ್ ನಂಬಂಗಿಲ್ಲ, ಮುಂಜಾನೇನೇ ಕುಂತು ಬರೀರಿ.