ರ‍್ಯಾಮ್ ದೋಷ ಹುಡುಕಲು ಮೂರು ದಾರಿ: ಮೂರನ್ನೂ ನೋಡಿದ ಮೇಲೆ

ಬದಿಯಡ್ಕದಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಆಟಿ ಮುಗಿಯುವ ಹೊತ್ತು, ಚೌತಿಯ ಆಮಂತ್ರಣ ಪತ್ರಿಕೆಗಳು ರಾಶಿ ಬಿದ್ದಿದ್ದವು. ಆಗಲೇ ಕಂಪ್ಯೂಟರ್ ದಿನಕ್ಕೆ ಮೂರು ನಾಲ್ಕು ಸಲ ನೀಲಿ ಪರದೆ ತೋರಿಸಿ ರೀಸ್ಟಾರ್ಟ್ ಆಗತೊಡಗಿತು. ಹೆಚ್ಚಾಗಿ ಬರುತ್ತಿದ್ದದ್ದು 'ಮೆಮೊರಿ ಮ್ಯಾನೇಜ್‌ಮೆಂಟ್' ಎಂಬ ಸಂದೇಶ. ವಿಂಡೋಸನ್ನು ಹೊಸದಾಗಿ ಹಾಕಿದರೂ ನಿಲ್ಲಲಿಲ್ಲ. ಪೇಟೆಯ ಒಂದು ಅಂಗಡಿಯಲ್ಲಿ ಮದರ್‌ಬೋರ್ಡ್ ಬದಲಿಸಬೇಕು ಎಂದರು. ಅಷ್ಟು ದುಡ್ಡು ಹಾಕುವ ಮೊದಲು ಮೆಮೊರಿಯನ್ನು, ಅಂದರೆ ರ‍್ಯಾಮನ್ನು, ನಾನೇ ಪರೀಕ್ಷೆ ಮಾಡಿ ನೋಡೋಣ ಅಂತ ಕೂತೆ.

ಮೊದಲು ವಿಂಡೋಸ್‌ನದೇ ಮೆಮೊರಿ ಟೆಸ್ಟ್. ಇದರಷ್ಟು ಸುಲಭದ್ದು ಬೇರೆ ಇಲ್ಲ. ಏನೂ ಡೌನ್‌ಲೋಡ್ ಮಾಡಬೇಕಿಲ್ಲ, ಸರ್ಚ್‌ನಲ್ಲಿ 'ಮೆಮೊರಿ' ಅಂತ ಬರೆದರೆ ಸಿಗುತ್ತದೆ. ಅರ್ಧ ಗಂಟೆಯಲ್ಲಿ ಮುಗಿಯಿತು, ದೋಷ ಇಲ್ಲ ಎಂದಿತು. ಎಫ್1 ಒತ್ತಿದರೆ 'ಎಕ್ಸ್‌ಟೆಂಡೆಡ್' ಎಂಬ ದೊಡ್ಡ ಪರೀಕ್ಷೆಯೂ ಇದೆ. ಅದನ್ನೂ ಹಾಕಿದೆ. ಮಧ್ಯಾಹ್ನ ಶುರುವಾದದ್ದು ಸಂಜೆಯಾದರೂ ಮುಗಿಯಲಿಲ್ಲ, ಅಷ್ಟರಲ್ಲಿ ಕರೆಂಟು ಹೋಯಿತು. ಇದು ದೋಷ ಇದೆ ಎಂದರೆ ನಂಬಿ. ಇಲ್ಲ ಎಂದರೆ ಮಾತ್ರ ಅಲ್ಲಿಗೇ ಬಿಡಬೇಡಿ.

ಎರಡನೆಯದು ಮೆಮ್‌ಟೆಸ್ಟ್86+. ಪುಕ್ಕಟೆ ಸಿಗುತ್ತದೆ. 2022ರಲ್ಲಿ ಬಂದ ಆರನೇ ಆವೃತ್ತಿಯಿಂದ ಯುಇಎಫ್‌ಐ (ಆನ್ ಮಾಡಿದೊಡನೆ ಮೊದಲು ಓಡುವ ಹೊಸ ಬಗೆಯ ತಂತ್ರಾಂಶ) ಇರುವ ಯಂತ್ರಗಳಲ್ಲೂ ನಡೆಯುತ್ತದೆ. ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಬೇಕು, ಅಂದರೆ ಕಂಪ್ಯೂಟರ್ ಶುರು ಮಾಡಬೇಕು. ನನ್ನ ಯಂತ್ರದಲ್ಲಿ ಸೆಕ್ಯೂರ್ ಬೂಟ್ (ಒಪ್ಪಿಗೆ ಇಲ್ಲದ ತಂತ್ರಾಂಶದಿಂದ ಬೂಟ್ ಆಗದಂತೆ ತಡೆಯುವ ಸೆಟ್ಟಿಂಗ್) ಆಫ್ ಮಾಡಬೇಕಾಯಿತು. ಈ ಪರೀಕ್ಷೆ ನಡೆಯುವಾಗ ವಿಂಡೋಸ್ ಏಳುವುದೇ ಇಲ್ಲವಾದ್ದರಿಂದ ತಪ್ಪು ಸಾಫ್ಟ್‌ವೇರಿನದೋ ಏನೋ ಎಂಬ ಅನುಮಾನಕ್ಕೆ ಜಾಗವೇ ಇಲ್ಲ. ಇನ್‌ವರ್ಟರ್‌ಗೆ ಸೇರಿಸಿ ರಾತ್ರಿ ಬಿಟ್ಟು ಮಲಗಿದೆ. ಮೊದಲ ಎರಡು ಸುತ್ತು ಏನೂ ಇಲ್ಲ. ಬೆಳಿಗ್ಗೆ ನೋಡಿದರೆ ಮೂರನೇ ಸುತ್ತಿನಲ್ಲಿ ಕೆಂಪು ಸಾಲುಗಳು, ಒಟ್ಟು 14 ತಪ್ಪು. ಒಂದೇ ಒಂದು ಕಂಡರೂ ಸಾಕಿತ್ತು, ಇಲ್ಲಿ ಸೊನ್ನೆಯೇ ಬರಬೇಕು.

ಆದರೆ ಇದಕ್ಕೂ ಒಂದು ಮಿತಿ ಇದೆ. ತಪ್ಪು ಇದೆ ಎನ್ನುತ್ತದೆ, ಎಲ್ಲಿ ಎಂದು ಬೆರಳು ತೋರಿಸುವುದಿಲ್ಲ. ಎರಡು ರ‍್ಯಾಮ್ ಜೋಡಿಯಾಗಿ ಕೆಲಸ ಮಾಡುವಾಗ ಮೆಮೊರಿಯ ವಿಳಾಸಗಳು (ಒಂದೊಂದು ಜಾಗದ ಸಂಖ್ಯೆ) ಎರಡರಲ್ಲೂ ಹಂಚಿ ಹೋಗಿರುತ್ತವೆ. ಹಾಗಾಗಿ ಅದು ತೋರಿಸುವ ವಿಳಾಸ ನೋಡಿ ಇಂಥದ್ದೇ ರ‍್ಯಾಮ್ ಎನ್ನಲಾಗದು. ನಾನು ಇನ್ನೇನು ಹೊಸ ರ‍್ಯಾಮ್ ತರಿಸುವವನಿದ್ದೆ. ಇನ್‌ವರ್ಟರ್ ರಿಪೇರಿ ಮಾಡುವ ಗೆಳೆಯನೊಬ್ಬ ಬಂದವನು, "ಭಾವಾ, ಸ್ಲಾಟು ಬದಲಿಸಿ ನೋಡಿದಿರಾ?" ಎಂದು ಕೇಳಿದ.

ಅದೇ ಮೂರನೆಯ ದಾರಿ. ಸ್ಲಾಟು ಅಂದರೆ ಮದರ್‌ಬೋರ್ಡಿನಲ್ಲಿ ರ‍್ಯಾಮ್ ಸಿಕ್ಕಿಸುವ ಜಾಗ. ಪವರ್ ಕೇಬಲ್ ತೆಗೆಯಿರಿ. ಸ್ವಿಚ್ಚನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಲೋಹ ಮುಟ್ಟಿದ ಮೇಲೆಯೇ ರ‍್ಯಾಮಿಗೆ ಕೈ ಹಾಕಿ. ಒಂದೊಂದೇ ರ‍್ಯಾಮನ್ನು ಒಂದೊಂದೇ ಸ್ಲಾಟಿನಲ್ಲಿ ಇಟ್ಟು ಪ್ರತಿ ಸಲ ಮೆಮ್‌ಟೆಸ್ಟ್ ಓಡಿಸಬೇಕು. ಎರಡು ರ‍್ಯಾಮ್, ಎರಡು ಸ್ಲಾಟ್, ನಾಲ್ಕು ಜೋಡಣೆ. ನನಗೆ ಎರಡು ದಿನ ಹಿಡಿಯಿತು. ಮೊದಲ ಸ್ಲಾಟಿನಲ್ಲಿ ಎರಡೂ ರ‍್ಯಾಮ್ ಪಾಸು. ಎರಡನೇ ಸ್ಲಾಟಿನಲ್ಲಿ ಎರಡೂ ಫೇಲು. ರ‍್ಯಾಮಿನ ತಪ್ಪೇ ಅಲ್ಲ, ಅಲ್ವಾ!

ಟಾರ್ಚ್ ಹಿಡಿದು ನೋಡಿದೆ. ಸ್ಲಾಟಿನ ಒಂದು ತುದಿಯಲ್ಲಿ, ನಾಲ್ಕೈದು ಪಿನ್ನುಗಳ ನಡುವೆ, ಬೂದು ಬಣ್ಣದ ಧೂಳು ಮಳೆಗಾಲದ ತೇವಕ್ಕೆ ಅಂಟಿ ಗಟ್ಟಿಯಾಗಿತ್ತು. ಪಕ್ಕದ ಕೋಣೆಯಲ್ಲೇ ನಾವು ಅಡಿಕೆ ಸುಲಿಯುವುದು. ರಬ್ಬರಿನಿಂದ ರ‍್ಯಾಮಿನ ಚಿನ್ನದ ಬಣ್ಣದ ಪಟ್ಟಿ ಉಜ್ಜುವುದು ಎಲ್ಲರಿಗೂ ಗೊತ್ತು, ನಾನೂ ಮೊದಲೇ ಉಜ್ಜಿದ್ದೆ. ಸ್ಲಾಟಿನ ಒಳಗಿನ ಕೊಳೆಗೆ ಅದರಿಂದ ಏನಾಗಬೇಕು? ಮೆತ್ತನೆಯ ಬ್ರಷ್ಷಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತುಸು ತಾಗಿಸಿ, ಮೆಲ್ಲ ಎಳೆದು, ಅರ್ಧ ಗಂಟೆ ಒಣಗಲು ಬಿಟ್ಟೆ.

ಒಂದು ಮಾತು ಬಿಟ್ಟುಹೋಗಬಾರದು. ನೀಲಿ ಪರದೆ ಬಾರದೆ, ಸ್ವಿಚ್ ಆರಿಸಿದ ಹಾಗೆ ಪಕ್ಕನೆ ಆಫ್ ಆಗುವುದಾದರೆ ಈ ಮೂರಕ್ಕೂ ಹೋಗಬೇಡಿ. ಮೊದಲು ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಮತ್ತು ಬಿಸಿ ನೋಡಿ.

ಆ ರಾತ್ರಿ ಎರಡೂ ರ‍್ಯಾಮ್ ಹಾಕಿ ಮತ್ತೆ ಮೆಮ್‌ಟೆಸ್ಟ್ ಬಿಟ್ಟೆ. ಬೆಳಿಗ್ಗೆ ನಾಲ್ಕು ಸುತ್ತು ಮುಗಿದಿತ್ತು, ತಪ್ಪು ಸೊನ್ನೆ. ಒಂಬತ್ತು ಗಂಟೆಗೆ ಚೌತಿಯ ಪತ್ರಿಕೆ ಪ್ರೆಸ್ಸಿಗೆ ಹೋಯಿತು.