2 ಮೈಕ್ರಾನ್ ಅಂತರದ ರೆಡಿಮೇಡ್ ಗಾಜಿನ ಸೆಲ್: ಬಳಸಿ ನೋಡಿದ ಮೇಲೆ

ಆಂಟಿಫೆರೋಎಲೆಕ್ಟ್ರಿಕ್ ಲಿಕ್ವಿಡ್ ಕ್ರಿಸ್ಟಲ್ ಪ್ರಯೋಗಕ್ಕೆ ಐದು ಸೆಲ್ (ಎರಡು ಗಾಜಿನ ಹಾಳೆಗಳ ನಡುವಿನ ಸಣ್ಣ ಅಂತರದಲ್ಲಿ ಲಿಕ್ವಿಡ್ ಕ್ರಿಸ್ಟಲ್ ತುಂಬುವ ಸಾಧನ) ತರಿಸಿದ್ದೆ. ತುಂಬಿದ್ದು ಎಂಎಚ್‌ಪಿಒಬಿಸಿ ಎಂಬ ಲಿಕ್ವಿಡ್ ಕ್ರಿಸ್ಟಲ್. 1989ರಲ್ಲಿ ಟೋಕಿಯೋದ ಚಂದಾನಿ, ಫುಕುಡಾ ತಂಡ ಆಂಟಿಫೆರೋಎಲೆಕ್ಟ್ರಿಕ್ ಗುಣವನ್ನು ವಿವರಿಸಿದ್ದು ಇದೇ ಕೈರಲ್ ಸ್ಮೆಕ್ಟಿಕ್ ವಸ್ತುವಿನಲ್ಲಿ (ಅಣುಗಳು ತಮ್ಮ ಕನ್ನಡಿಬಿಂಬಕ್ಕೆ ಹೊಂದುವುದಿಲ್ಲ, ಪದರಪದರವಾಗಿ ನಿಲ್ಲುತ್ತವೆ). ಸುಮಾರು 118 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಸಿದರೆ ಅಕ್ಕಪಕ್ಕದ ಪದರಗಳ ಅಣುಗಳು ಎದುರುಬದುರು ವಾಲುತ್ತವೆ, ಒಂದು ಪದರದ ಧ್ರುವೀಕರಣವನ್ನು (ಧನ, ಋಣ ವಿದ್ಯುದಂಶಗಳು ಎರಡು ಬದಿಗೆ ಸರಿದಿರುವುದನ್ನು) ಇನ್ನೊಂದು ಅಳಿಸಿಹಾಕುತ್ತದೆ. ತ್ರಿಕೋನ ಅಲೆಯ ವೋಲ್ಟೇಜ್ ಕೊಟ್ಟೆ. ಪ್ರತಿ ಅರ್ಧ ಸುತ್ತಿಗೂ ಈ ಗುಣದ ಗುರುತಾದ ಕರೆಂಟಿನ ಎರಡೆರಡು ಪೀಕ್ ಎಷ್ಟು ಚೆನ್ನಾಗಿ ಬಂದವು ಅಂದ್ರೆ, ಆಸಿಲೋಸ್ಕೋಪ್ ಮುಂದಿಂದ ಏಳೋಕೆ ಮನಸ್ಸೇ ಬರಲಿಲ್ಲ!

ಒಂದು ಸೆಲ್‌ನಲ್ಲಿ ಮಾತ್ರ ಅಂತರ ಒಂದು ಬದಿಗೆ ಜಾಸ್ತಿ ಇತ್ತು. ಇಷ್ಟು ಬೆಲೆಗೆ ಇದು ಸರಿಯಲ್ಲ, ಅಲ್ವಾ? ಖಾಲಿ ಇರುವಾಗಲೇ ಅಂತರ ಅಳೆದು ನೋಡಿ, ಆಮೇಲೆ ತುಂಬಿ. ತಣಿಸುವಾಗ ಆತುರ ಬೇಡ. ನಾನಂತೂ ಮತ್ತೆ ತರಿಸುತ್ತೇನೆ.