ಡಿಎಸ್‌ಎಲ್ ಮೋಡೆಮ್ ಹಿಂದೆ ಫೈರ್‌ವಾಲ್: ನಾಲ್ಕೂ ರೀತಿ ಜೋಡಿಸಿ ನೋಡಿದ ಮೇಲೆ

ಎರಡು ಈಥರ್ನೆಟ್ ಪೋರ್ಟ್‌ಗಳಿರುವ, ಫ್ಯಾನ್ ಇಲ್ಲದ ಪುಟ್ಟ ಕಂಪ್ಯೂಟರ್ ಒಂದನ್ನು ಕೊಂಡು ಅದರಲ್ಲಿ ಪಿಎಫ್‌ಸೆನ್ಸ್ ಎಂಬ ಫೈರ್‌ವಾಲ್ (ಜಾಲಕ್ಕೆ ಬಂದುಹೋಗುವುದನ್ನು ಕಾಯುವ) ತಂತ್ರಾಂಶ ಹಾಕಿದ ದಿನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಕೊಂಡದ್ದೇನೋ ಸರಿಯಾಗಿಯೇ ಇತ್ತು. ಅದನ್ನು ಡಿಎಸ್‌ಎಲ್ (ಫೋನ್ ತಂತಿಯ ಇಂಟರ್ನೆಟ್) ಮೋಡೆಮ್‌ಗೆ ಯಾವ ರೀತಿ ಜೋಡಿಸಬೇಕು ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಒಂದಾದ ಮೇಲೊಂದರಂತೆ ನಾಲ್ಕು ವಿಧಾನಗಳನ್ನು ಮಾಡಿ ನೋಡಿದೆ. ನನ್ನ ಮತ ಪೂರ್ಣ ಬ್ರಿಡ್ಜ್ ಮೋಡ್‌ಗೆ, ಅಂದರೆ ಮೋಡೆಮ್ ಬರೀ ಸೇತುವೆಯಾಗಿ ನಿಂತು ಉಳಿದ ಕೆಲಸವನ್ನು ಫೈರ್‌ವಾಲ್‌ಗೆ ಬಿಡುವ ವಿಧಾನಕ್ಕೆ. ಇದನ್ನು ಮುಚ್ಚಿಟ್ಟು ಕೊನೆಯಲ್ಲಿ ಹೇಳುವ ಅಗತ್ಯವಿಲ್ಲ. ಆದರೆ ನನ್ನನ್ನು ಅತಿ ಹೆಚ್ಚು ಸತಾಯಿಸಿದ್ದೂ ಅದೇ.

ಮೊದಲನೆಯದು ಸೋಮಾರಿಯ ವಿಧಾನ. ಮೋಡೆಮ್ ಬಂದ ಹಾಗೆಯೇ ರೂಟರ್ ಆಗಿ ಇರುತ್ತದೆ, ಅದರ ಒಂದು ಲ್ಯಾನ್ (ಮನೆಯೊಳಗಿನ ಜಾಲದ) ಪೋರ್ಟ್‌ನಿಂದ ಫೈರ್‌ವಾಲ್‌ಗೆ ಕೇಬಲ್ ಎಳೆದರಾಯಿತು. ಶುರುವಿನಲ್ಲೇ ಏನೂ ಓಡಲಿಲ್ಲ, ಏಕೆಂದರೆ ಮೋಡೆಮ್ ವಿಳಾಸವೂ 192.168.1.1, ಪಿಎಫ್‌ಸೆನ್ಸ್ ತಾನಾಗಿ ಇಟ್ಟುಕೊಳ್ಳುವ ಲ್ಯಾನ್ ವಿಳಾಸವೂ 192.168.1.1. ಫೈರ್‌ವಾಲ್‌ನ ಒಳಗಿನ ಜಾಲವನ್ನು 192.168.20.1ಕ್ಕೆ ಬದಲಿಸಿದ ಮೇಲೆ ಎಲ್ಲ ನೆಟ್ಟಗಾಯಿತು. ಬ್ರೌಸಿಂಗ್, ವಿಡಿಯೊ, ಕಚೇರಿಯ ಕರೆಗಳು ಯಾವುದಕ್ಕೂ ತೊಂದರೆಯಿಲ್ಲ. ಒಳಗಿನ ವಿಳಾಸಗಳನ್ನು ಒಂದು ಹೊರವಿಳಾಸಕ್ಕೆ ಬದಲಿಸುವುದಕ್ಕೆ ನ್ಯಾಟ್ ಎನ್ನುತ್ತಾರೆ; ಇಲ್ಲಿ ಅದನ್ನು ಮೋಡೆಮ್, ಫೈರ್‌ವಾಲ್ ಎರಡೂ ಮಾಡುತ್ತವೆ. ಎರಡು ಸಲ ನ್ಯಾಟ್ ಆದರೆ ಇಂಟರ್ನೆಟ್ ನಿಧಾನವಾಗುತ್ತದೆ ಎಂದು ಹೆದರಿಸುವವರಿದ್ದಾರೆ. ಡಿಎಸ್‌ಎಲ್ ವೇಗದಲ್ಲಿ ನನಗೆ ವ್ಯತ್ಯಾಸವೇ ಕಾಣಲಿಲ್ಲ.

ತೊಂದರೆ ಶುರುವಾದದ್ದು ಹೊರಗಿನಿಂದ ಮನೆಯ ಜಾಲಕ್ಕೆ ವಿಪಿಎನ್ (ಇಂಟರ್ನೆಟ್ ಮೇಲೆ ಹಾಯುವ ಖಾಸಗಿ ಸುರಂಗ) ಮೂಲಕ ಬರಲು ಹೊರಟಾಗ. ಒಂದೊಂದು ಪೋರ್ಟನ್ನೂ (ಇದು ಕೇಬಲ್ ಸಿಕ್ಕಿಸುವ ಜಾಗವಲ್ಲ, ಹೊರಗಿನ ಸಂಪರ್ಕ ಒಳಬರುವ ಸಂಖ್ಯೆಯ ಬಾಗಿಲು) ಮೋಡೆಮ್, ಫೈರ್‌ವಾಲ್ ಎಂದು ಎರಡೆರಡು ಕಡೆ ತೆರೆಯಬೇಕು. ಅದನ್ನಾದರೂ ಒಂದು ದಿನ ಕುಳಿತು ಮಾಡಿಬಿಡಬಹುದು. ಸಹಿಸಲಾಗದ್ದು ಇನ್ನೊಂದಿದೆ: ಫೈರ್‌ವಾಲ್‌ಗೆ ಲೋಕದ ಸುದ್ದಿಯೇ ಗೊತ್ತಿರುವುದಿಲ್ಲ. ಅದಕ್ಕೆ ಕಾಣುವುದು ಮೋಡೆಮ್‌ವರೆಗಿನ ಒಂದು ಮೊಳದ ಕೇಬಲ್ ಮಾತ್ರ. ಫೋನ್ ಲೈನ್ ಸತ್ತು ಬಿದ್ದಿದ್ದರೂ ಆ ಕೇಬಲ್ ಜೀವಂತವಾಗಿರುವುದರಿಂದ ಸಂಪರ್ಕದ ಮುಂದೆ ಹಸಿರು ಗುರುತೇ ಇರುತ್ತದೆ. ಸಾರ್ವಜನಿಕ ಐಪಿ ವಿಳಾಸ ಬದಲಾದರೆ ಅದಕ್ಕೆ ಕೂಡಲೇ ತಿಳಿಯುವುದಿಲ್ಲ, ಹಾಗಾಗಿ ಡೈನಮಿಕ್ ಡಿಎನ್‌ಎಸ್‌ನಲ್ಲಿ (ಬದಲಾಗುವ ವಿಳಾಸವನ್ನು ಒಂದು ಹೆಸರಿಗೆ ಜೋಡಿಸಿಡುವ ಸೇವೆ) ಹಳೆಯ ವಿಳಾಸವೇ ಬಹಳ ಹೊತ್ತು ಉಳಿದಿರಬಹುದು. ಊರಿನಿಂದ ಹೊರಗಿದ್ದಾಗ ನನ್ನ ಮನೆಯ ಜಾಲಕ್ಕೆ ನಾನೇ ಹೊರಗಿನವನಾಗಿ ನಿಂತ ಮೇಲೆ ಆ ವಿಧಾನಕ್ಕೆ ಕೈಮುಗಿದೆ.

ಎರಡನೆಯದು ಮೋಡೆಮ್‌ನಲ್ಲಿ ಫೈರ್‌ವಾಲ್ ಅನ್ನು ಡಿಎಂಜೆಡ್ ಎಂದು ಗುರುತಿಸುವುದು, ಅಂದರೆ ಹೊರಗಿನಿಂದ ಬಂದ ಸಂಪರ್ಕಗಳನ್ನೆಲ್ಲ ಮೋಡೆಮ್ ಅದಕ್ಕೇ ದಾಟಿಸುವಂತೆ ಮಾಡುವುದು. ಎರಡೆರಡು ಕಡೆ ಪೋರ್ಟ್ ತೆರೆಯುವ ಕಷ್ಟ ತಪ್ಪಿತು. ಕುರುಡುತನ ತಪ್ಪಲಿಲ್ಲ.

ಮೂರನೆಯದಕ್ಕೆ ಹಾಫ್ ಬ್ರಿಡ್ಜ್ ಎಂದೋ ಐಪಿ ಪಾಸ್‌ಥ್ರೂ ಎಂದೋ ಹೆಸರು. ಮೋಡೆಮ್ ತಾನೇ ಪಿಪಿಪಿಒಇ (ಸೇವಾ ಕಂಪನಿಗೆ ಹೆಸರು, ಪಾಸ್‌ವರ್ಡ್ ಕೊಟ್ಟು ಸಂಪರ್ಕ ಪಡೆಯುವ ಕ್ರಮ) ಲಾಗಿನ್ ಮಾಡಿ, ಸಿಕ್ಕ ಸಾರ್ವಜನಿಕ ವಿಳಾಸವನ್ನು ಡಿಎಚ್‌ಸಿಪಿ (ವಿಳಾಸವನ್ನು ತಾನಾಗಿ ಹಂಚುವ ಕ್ರಮ) ಮೂಲಕ ಫೈರ್‌ವಾಲ್‌ಗೆ ದಾಟಿಸುತ್ತದೆ. ಕೇಳಲು ಸೊಗಸು. ಆದರೆ ಲೈನ್ ಬಿದ್ದು ಎದ್ದು ಹೊಸ ವಿಳಾಸ ಬಂದಾಗ, ಲೀಸ್ (ವಿಳಾಸ ಬಳಸಲು ಕೊಟ್ಟ ಅವಧಿ) ನವೀಕರಣವಾಗುವವರೆಗೂ ಫೈರ್‌ವಾಲ್ ಹಳೆಯ ವಿಳಾಸವನ್ನೇ ತಬ್ಬಿಕೊಂಡು ಕುಳಿತಿರುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಒಂದು ವಾರಕ್ಕೇ ಬಿಟ್ಟೆ.

ಉಳಿದದ್ದು ಪೂರ್ಣ ಬ್ರಿಡ್ಜ್. ಇಲ್ಲಿ ಮೋಡೆಮ್ ಲೈನಿನ ಸಂಕೇತವನ್ನು ಈಥರ್ನೆಟ್‌ಗೆ ಇಳಿಸುವ ಕೆಲಸವೊಂದನ್ನೇ ಮಾಡುತ್ತದೆ. ಪಿಪಿಪಿಒಇ ಲಾಗಿನ್, ವಿಳಾಸ, ನ್ಯಾಟ್ ಎಲ್ಲ ಫೈರ್‌ವಾಲ್‌ನ ಪಾಲು. ಹಳೆಯ ಬಗೆಯ ಎಡಿಎಸ್‌ಎಲ್ ಆದರೆ ಲೈನಿನೊಳಗಿನ ದಾರಿ ಗುರುತಿಸುವ ವಿಪಿಐ, ವಿಸಿಐ ಸಂಖ್ಯೆಗಳು ಆಗಲೂ ಮೋಡೆಮ್‌ನಲ್ಲೇ ಇರಬೇಕು. ನನ್ನದು ಅದಕ್ಕಿಂತ ವೇಗದ ವಿಡಿಎಸ್‌ಎಲ್, ಅದಕ್ಕೊಂದು ವಿಲ್ಯಾನ್ ಸಂಖ್ಯೆ (ದತ್ತಾಂಶದ ಪ್ಯಾಕೆಟ್‌ಗಳಿಗೆ ಅಂಟಿಸುವ ಗುರುತು) ಬೇಕಿತ್ತು. ನಾನು ಜಾಣತನ ತೋರಿಸಲು ಹೋಗಿ ಮೋಡೆಮ್‌ನಲ್ಲೂ ಫೈರ್‌ವಾಲ್‌ನಲ್ಲೂ ಅದನ್ನು ಹಾಕಿದ್ದೆ. ಲಾಗ್‌ನಲ್ಲಿ ಪಿಎಡಿಐ (ಆಚೆ ಯಾರಾದರೂ ಇದ್ದೀರಾ ಎಂಬ ಕೂಗು) ಹೋಗುತ್ತಲೇ ಇತ್ತು, ಪಿಎಡಿಒ (ಅದಕ್ಕೆ ಕಂಪನಿಯ ಉತ್ತರ) ಬರಲೇ ಇಲ್ಲ. ಒಂದು ಕಡೆಯದನ್ನು ತೆಗೆದೊಡನೆ ಸಂಪರ್ಕ ಬಂತು. ಇನ್ನೊಂದು ಮಾತು: ಬ್ರಿಡ್ಜ್‌ಗೆ ಬದಲಿಸುವ ಮೊದಲು ಲಾಗಿನ್ ಹೆಸರು, ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಲಿ. ಮೋಡೆಮ್ ಪುಟದಲ್ಲಿ ಕಾಣುವ ಆ ಚುಕ್ಕೆಗಳ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ.

ಈಗ ಎರಡು ಸಂಜೆ ನುಂಗಿದ ತೊಡಕಿಗೆ ಬರುತ್ತೇನೆ.

ನಮ್ಮ ಲೈನ್ ಮಳೆ ಬಂದರೆ ಮುನಿಸಿಕೊಳ್ಳುತ್ತದೆ. ಹಾಗಾಗಿ ಮೋಡೆಮ್ ಪುಟ ತೆರೆದು ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲವನ್ನು ತಡೆದುಕೊಳ್ಳಲು ಲೈನಿಗೆ ಉಳಿದಿರುವ ಅಂತರ) ಎಷ್ಟಿದೆ ಎಂದು ನೋಡುವುದು ನನಗೆ ಅಭ್ಯಾಸ. 6 ಡೆಸಿಬೆಲ್ ಹತ್ತಿರ ಇದ್ದರೆ ನಿಶ್ಚಿಂತೆ. 2, 3ಕ್ಕೆ ಇಳಿದರೆ ಯಾವುದೋ ಜಾಯಿಂಟ್‌ಗೆ ನೀರು ಹೊಕ್ಕಿದೆ ಎಂದು ದೂರು ಕೊಡುತ್ತೇನೆ. ಬ್ರಿಡ್ಜ್ ಆದ ಮರುದಿನ ಮಳೆ ಬಂತು. 192.168.1.1 ಎಂದು ಟೈಪಿಸಿದೆ. ಪುಟವಿಲ್ಲ.

ಕಾರಣ ತಿಳಿದ ಮೇಲೆ ನಗು ಬಂತು. ಫೈರ್‌ವಾಲ್‌ಗೆ ಹೊರಗಿನ ದಾರಿ ಎಂದರೆ ಪಿಪಿಪಿಒಇ ಒಂದೇ. ಮೋಡೆಮ್ ವಿಳಾಸಕ್ಕೆ ಹೊರಟ ಪ್ಯಾಕೆಟ್ಟನ್ನೂ ಅದು ಪಿಪಿಪಿಒಇ ಹೊದಿಕೆಯಲ್ಲಿ ಸುತ್ತಿ ಸೇವಾ ಕಂಪನಿಯ ಕಡೆಗೆ ಕಳುಹಿಸುತ್ತಿತ್ತು. ಮೋಡೆಮ್‌ಗೆಂದು ಹೊರಟ ಪ್ಯಾಕೆಟ್ ಮೋಡೆಮ್‌ನ ಹೊಟ್ಟೆಯೊಳಗಿನಿಂದಲೇ ಹಾದುಹೋಗಿ ಆಚೆ ಎಲ್ಲೋ ಕಳೆದುಹೋಗುತ್ತಿತ್ತು; ಮೋಡೆಮ್ ಅದನ್ನು ಬಿಚ್ಚಿಯೂ ನೋಡುತ್ತಿರಲಿಲ್ಲ.

ಮೊದಲ ಸಂಜೆ ಮಾಡಿದ್ದು ಒರಟು ಉಪಾಯ. ಕೇಬಲ್ ಕಿತ್ತು ಲ್ಯಾಪ್‌ಟಾಪನ್ನು ನೇರವಾಗಿ ಮೋಡೆಮ್‌ಗೆ ಸಿಕ್ಕಿಸಿದೆ. ಬ್ರಿಡ್ಜ್‌ನಲ್ಲಿ ಅದರ ಡಿಎಚ್‌ಸಿಪಿ ನಿಂತಿರುತ್ತದೆ, ಆದ್ದರಿಂದ ಲ್ಯಾಪ್‌ಟಾಪ್‌ಗೆ ಕೈಯಿಂದಲೇ 192.168.1.5 ಎಂದು ಕೊಡಬೇಕಾಯಿತು. ಪುಟ ತೆರೆಯಿತು, ಆದರೆ ಅಷ್ಟು ಹೊತ್ತು ಮನೆಯಲ್ಲಿ ಯಾರಿಗೂ ಇಂಟರ್ನೆಟ್ ಇಲ್ಲ. ಪ್ರತಿ ಮಳೆಗೂ ಇದನ್ನು ಮಾಡಿದರೆ ನನ್ನನ್ನೇ ಮನೆಯಿಂದ ಹೊರಗೆ ಹಾಕುತ್ತಾರೆ.

ಎರಡನೆಯ ಸಂಜೆ ಸರಿಯಾದ ದಾರಿ ಹಿಡಿದೆ. ಪಿಪಿಪಿಒಇ ಯಾವ ಪೋರ್ಟ್ ಮೇಲೆ ಓಡುತ್ತದೆಯೋ ಅದೇ ಪೋರ್ಟನ್ನು ಇನ್ನೊಂದು ಇಂಟರ್‌ಫೇಸ್ ಆಗಿಯೂ ಸೇರಿಸಿ 192.168.1.2/24 ಎಂಬ ವಿಳಾಸ ಕೊಟ್ಟೆ. ಗೇಟ್‌ವೇ ಜಾಗವನ್ನು ಖಾಲಿ ಬಿಟ್ಟೆ. ಫೈರ್‌ವಾಲ್‌ನಿಂದ ಮೋಡೆಮ್‌ಗೆ ಪಿಂಗ್ ಮಾಡಿದರೆ (ಇದ್ದೀಯಾ ಎಂದು ಕೇಳುವ ಪುಟ್ಟ ಪ್ಯಾಕೆಟ್ ಕಳುಹಿಸಿದರೆ) ಉತ್ತರ ಬಂತು. ಲ್ಯಾಪ್‌ಟಾಪ್‌ನಿಂದ ಮಾಡಿದರೆ ಇಲ್ಲ. ಒಂದು ಗಂಟೆ ನಿಯಮಗಳನ್ನೆಲ್ಲ ಜಾಲಾಡಿದೆ, ಫೈರ್‌ವಾಲನ್ನು ಎರಡು ಸಲ ಮರುಚಾಲನೆ ಮಾಡಿದೆ, ಕೇಬಲ್ ಕೂಡ ಬದಲಿಸಿದೆ. ಕೊನೆಗೆ ಪ್ಯಾಕೆಟ್ ಕ್ಯಾಪ್ಚರ್ ಹಾಕಿ ನೋಡಿದಾಗ ಗೊತ್ತಾಯಿತು: ನನ್ನ ಪಿಂಗ್ 192.168.20 ಜಾಲದ ವಿಳಾಸವನ್ನೇ ಹೊತ್ತು ಮೋಡೆಮ್‌ಗೆ ಹೋಗುತ್ತಿದೆ. ಬ್ರಿಡ್ಜ್‌ನಲ್ಲಿರುವ ಮೋಡೆಮ್‌ಗೆ ಆ ಜಾಲಕ್ಕೆ ಮರಳುವ ದಾರಿಯೇ ಗೊತ್ತಿಲ್ಲ. ಕೇಳಿಸಿಕೊಳ್ಳುತ್ತದೆ, ಯಾರಿಗೆ ಉತ್ತರಿಸಬೇಕೆಂದು ತಿಳಿಯದೆ ಸುಮ್ಮನಾಗುತ್ತದೆ. ಔಟ್‌ಬೌಂಡ್ ನ್ಯಾಟ್ (ಹೊರಹೋಗುವ ಪ್ಯಾಕೆಟ್‌ಗಳ ನ್ಯಾಟ್) ಅನ್ನು ಹೈಬ್ರಿಡ್‌ಗೆ (ತಾನಾಗಿ ಆಗುವ ನಿಯಮಗಳ ಜೊತೆ ನಮ್ಮದನ್ನೂ ಸೇರಿಸುವ ಆಯ್ಕೆಗೆ) ಬದಲಿಸಿ, ಮೋಡೆಮ್ ಕಡೆಗೆ ಹೋಗುವ ಲ್ಯಾನ್ ಪ್ಯಾಕೆಟ್‌ಗಳೆಲ್ಲ 192.168.1.2ರ ಹೆಸರಿನಲ್ಲಿ ಹೋಗಲಿ ಎಂದು ಒಂದೇ ಒಂದು ನಿಯಮ ಬರೆದೆ. ಪುಟ ತೆರೆದುಕೊಂಡಿತು. ಮಾರ್ಜಿನ್ 5.5 ಇತ್ತು, ಇಷ್ಟೆಲ್ಲ ಒದ್ದಾಡುವಷ್ಟರಲ್ಲಿ ಮಳೆಯೂ ನಿಂತಿತ್ತು.

ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿ) ವಿಷಯದಲ್ಲೂ ಬ್ರಿಡ್ಜ್‌ನದೇ ಮೇಲುಗೈ. ಈಥರ್ನೆಟ್‌ನ 1500 ಬೈಟ್‌ಗಳಲ್ಲಿ ಪಿಪಿಪಿಒಇಗೆ 8 ಹೋಗಿ 1492 ಉಳಿಯುತ್ತದೆ. ಲಾಗಿನ್ ತನ್ನದೇ ಆದ್ದರಿಂದ ಫೈರ್‌ವಾಲ್‌ಗೆ ಅದು ಗೊತ್ತಿರುತ್ತದೆ. ಎರಡು ನ್ಯಾಟ್ ಇದ್ದಾಗ ಅದು 1500 ಎಂದೇ ನಂಬಿರುತ್ತದೆ. ಮೋಡೆಮ್ ವಿದ್ಯುತ್ ತಟ್ಟನೆ ಕಿತ್ತರೆ ಹಳೆಯ ಸೆಷನ್ ಕಂಪನಿಯ ಕಡೆ ಕೆಲವು ನಿಮಿಷ ಉಳಿದು ಹೊಸ ಲಾಗಿನ್ ಹಟ ಮಾಡಬಹುದು. ಕಾಯಿರಿ, ಅಷ್ಟೆ.

ಮೋಡೆಮ್‌ಗೇ ಮನೆಯ ಫೋನ್ ಸಿಕ್ಕಿಸಿ ಇಂಟರ್ನೆಟ್ ಕರೆ ಮಾಡುವವರು ಬ್ರಿಡ್ಜ್‌ಗೆ ಹೋಗುವ ಮೊದಲು ಎರಡು ಸಲ ಯೋಚಿಸಬೇಕು. ಮೋಡೆಮ್‌ಗೆ ಹೊರಗಿನ ವಿಳಾಸವೇ ಇಲ್ಲದ ಮೇಲೆ ಆ ಫೋನ್ ಮೂಕವಾಗಬಹುದು. ಅದರ ವೈಫೈಯನ್ನೂ ಆರಿಸಬೇಕು, ಏಕೆಂದರೆ ಅದು ಈಗ ಫೈರ್‌ವಾಲ್‌ನ ಹೊರಗಿದೆ. ಅಂದರೆ ಬೇರೆ ಆಕ್ಸೆಸ್ ಪಾಯಿಂಟ್‌ಗೆ ಖರ್ಚು. ನನ್ನ ಬಳಿ ಹಳೆಯ ವೈಫೈ ರೂಟರ್ ಒಂದು ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು, ಹಾಗಾಗಿ ಆ ಖರ್ಚು ಉಳಿಯಿತು. ಅದೂ ಇಲ್ಲದೆ, ಹೊರಗಿನಿಂದ ಮನೆಯ ಜಾಲಕ್ಕೆ ಬರುವ ಅಭ್ಯಾಸವೂ ಇಲ್ಲದಿದ್ದರೆ ನಾನು ಮೊದಲನೆಯ ವಿಧಾನದಲ್ಲೇ ಇದ್ದುಬಿಡುತ್ತಿದ್ದೆ.

ಈಗ ಲೈನ್ ಬಿದ್ದರೆ ಫೈರ್‌ವಾಲ್‌ಗೆ ಸ್ವಲ್ಪ ಹೊತ್ತಿನಲ್ಲೇ ಗೊತ್ತಾಗುತ್ತದೆ, ಹೊಸ ವಿಳಾಸ ಬಂದೊಡನೆ ಡೈನಮಿಕ್ ಡಿಎನ್‌ಎಸ್‌ಗೂ ಹೋಗುತ್ತದೆ. ಮೋಡೆಮ್‌ನ ಕೆಳಗೆ ಒಂದು ಚೀಟಿ ಅಂಟಿಸಿದ್ದೇನೆ: ‘192.168.1.1, ಡಿಎಚ್‌ಸಿಪಿ ಇಲ್ಲ, ವಿಲ್ಯಾನ್ ಇಲ್ಲೇ ಇದೆ, ಫೈರ್‌ವಾಲ್‌ನಲ್ಲಿ ಹಾಕಬೇಡ.’